ಮಗು ಮನೆಯಲ್ಲೇ ಇರಬೇಕೋ, ಹೊರಗೆ ಕರೆತರಬೇಕೋ: ಆ ನಿರ್ಧಾರ ಆಗುವ ಬಗೆ

ಪ್ರಶ್ನೆ: ಪಕ್ಕದ ಮನೆಯ ಐದು ವರ್ಷದ ಹುಡುಗನಿಗೆ ಹೊಡೆಯುತ್ತಾರೆ, ಸರಿಯಾಗಿ ನೋಡಿಕೊಳ್ಳುವುದಿಲ್ಲ ಎಂದು ದೂರು ಕೊಟ್ಟಿದ್ದೆ. ಸಮಾಜ ಕಾರ್ಯಕರ್ತೆಯೊಬ್ಬರು ಎರಡು ಸಲ ಬಂದು ಹೋದರು. ಹುಡುಗ ಈಗಲೂ ಅದೇ ಮನೆಯಲ್ಲಿದ್ದಾನೆ. ನನಗೆ ಗೊತ್ತಿರುವ ಇನ್ನೊಂದು ಮನೆಯಿಂದ ಇಬ್ಬರು ಮಕ್ಕಳನ್ನು ಒಂದೇ ದಿನದಲ್ಲಿ ಕರೆದೊಯ್ದರು. ಇದಕ್ಕೆಲ್ಲ ಒಂದು ಕ್ರಮ ಇದೆಯೇ, ಇಲ್ಲ ಬಂದವರಿಗೆ ತೋಚಿದಂತೆಯೇ?

ಉತ್ತರ: ಕ್ರಮ ಇದೆ. ಬಂದವರ ವಿವೇಚನೆಗೂ ಅದರಲ್ಲಿ ದೊಡ್ಡ ಪಾಲಿದೆ. ಇವೆರಡೂ ಎಲ್ಲಿ ಸೇರುತ್ತವೆ ಎಂದು ತಿಳಿಯಬೇಕಾದರೆ ಒಂದು ವಿಷಯವನ್ನು ಮೊದಲು ಬಿಡಿಸಿಕೊಳ್ಳಬೇಕು. ಮಗುವಿಗೆ ಎಷ್ಟು ಅಪಾಯವಿದೆ ಎಂಬುದು ಅಂದಾಜು. ಅಪಾಯ ಎಷ್ಟಾದಾಗ ಸುಮ್ಮನಿರುವಂತಿಲ್ಲ ಎಂಬುದು ಗೆರೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಆಗಿ ಕಾಣುತ್ತವೆ. ಈ ಕೆಲಸದಲ್ಲೇ ಇರುವವರೂ ಬಹಳ ಸಲ ಎರಡನ್ನೂ ಕಲಸಿಬಿಡುತ್ತಾರೆ.

ಇಬ್ಬರು ಕಾರ್ಯಕರ್ತೆಯರು ಒಂದೇ ಮನೆಯನ್ನು ನೋಡಿ ಬಂದರು ಎನ್ನಿ. ಇಬ್ಬರೂ ಅಪಾಯಕ್ಕೆ ಹತ್ತರಲ್ಲಿ ಆರು ಅಂಕ ಕೊಟ್ಟರು. ಒಬ್ಬರ ಗೆರೆ ಐದಕ್ಕಿದೆ, ಅವರು ಮಗುವನ್ನು ಹೊರಗೆ ತರಬೇಕೆನ್ನುತ್ತಾರೆ. ಇನ್ನೊಬ್ಬರ ಗೆರೆ ಏಳಕ್ಕಿದೆ, ಅವರು ಮನೆಯಲ್ಲೇ ಬಿಟ್ಟು ನೆರವು ಕೊಡೋಣ ಎನ್ನುತ್ತಾರೆ. ಅವರು ಮಗುವಿನ ಸ್ಥಿತಿಯ ಬಗ್ಗೆ ಗಂಟೆಗಟ್ಟಲೆ ವಾದ ಮಾಡಿದರೂ ಪ್ರಯೋಜನವಿಲ್ಲ, ಏಕೆಂದರೆ ಅದರಲ್ಲಿ ಅವರಿಗೆ ಭಿನ್ನಾಭಿಪ್ರಾಯವೇ ಇಲ್ಲ. ಆಸ್ಟ್ರೇಲಿಯಾದ ಮನಶ್ಶಾಸ್ತ್ರಜ್ಞ ಲೆನ್ ಡಾಲ್ಗ್ಲೀಶ್ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ವಿಂಗಡಿಸಿ ತೋರಿಸಿದವರು. ಅಂದಾಜು ಹುಟ್ಟುವುದು ಆ ಕುಟುಂಬದ ಸಂಗತಿಗಳಿಂದ. ಗೆರೆ ಎಲ್ಲಿ ಬೀಳುತ್ತದೆ ಎಂಬುದನ್ನು ಕಾನೂನು, ಕಚೇರಿಯ ಪದ್ಧತಿ, ಕೈಯಲ್ಲಿರುವ ಕೇಸುಗಳ ಸಂಖ್ಯೆ, ಹಿಂದಿನ ಕಹಿ ಅನುಭವ, ಮಗುವನ್ನು ಇರಿಸಲು ಒಳ್ಳೆಯ ಜಾಗ ಇದೆಯೇ ಇಲ್ಲವೇ ಎಂಬುದೆಲ್ಲ ಸೇರಿ ನಿರ್ಧರಿಸುತ್ತವೆ. ಯಾವುದೋ ಮಗು ಸತ್ತ ಸುದ್ದಿ ದೊಡ್ಡದಾದ ವಾರಗಳಲ್ಲಿ ಗೆರೆ ಕೆಳಗಿಳಿಯುತ್ತದೆ, ಮನೆಗಳಿಂದ ಹೊರಬರುವ ಮಕ್ಕಳ ಸಂಖ್ಯೆ ಏರುತ್ತದೆ. ಆ ಕುಟುಂಬಗಳು ಹಿಂದಿನ ವಾರ ಇದ್ದಂತೆಯೇ ಇರುತ್ತವೆ.

ಇನ್ನು ಹಂತಗಳಿಗೆ ಬರೋಣ. ನೀವು ಒಂದು ನಿರ್ಧಾರ ಎಂದುಕೊಂಡದ್ದು ಕಡಿಮೆಯೆಂದರೂ ಐದಾರು ನಿರ್ಧಾರಗಳ ಸರಪಳಿ.

ಮೊದಲನೆಯದು ದೂರವಾಣಿಯಲ್ಲೇ ಆಗುತ್ತದೆ: ಈ ದೂರನ್ನು ತನಿಖೆಗೆ ತೆಗೆದುಕೊಳ್ಳಬೇಕೇ, ತೆಗೆದುಕೊಂಡರೆ ಎಷ್ಟು ಬೇಗ ಹೋಗಬೇಕು? ಫೋನ್ ಎತ್ತಿದವರು ಮೂರು ಬಗೆಯ ಮಾಹಿತಿಯನ್ನು ಬೇರೆಬೇರೆಯಾಗಿ ಬರೆದುಕೊಳ್ಳಬೇಕು. ದೂರುದಾರರು ಕಣ್ಣಾರೆ ಕಂಡದ್ದು, ಇನ್ನೊಬ್ಬರಿಂದ ಕೇಳಿದ್ದು, ತಾವೇ ಊಹಿಸಿದ್ದು. ‘ಆ ಮನೆಯವರು ಮಗುವನ್ನು ಸಾಯಿಸಿಬಿಡುತ್ತಾರೆ’ ಎನ್ನುವುದು ಊಹೆ. ‘ಮೊನ್ನೆ ರಾತ್ರಿ ಹತ್ತು ಗಂಟೆಗೆ ಬೆಲ್ಟಿನ ಸದ್ದು, ಹುಡುಗನ ಕಿರುಚಾಟ ಕೇಳಿತು, ಬೆಳಗ್ಗೆ ಅವನ ಕಿವಿಯ ಹಿಂದೆ ಕಪ್ಪು ಗುರುತು ಇತ್ತು’ ಎನ್ನುವುದು ಕೆಲಸಕ್ಕೆ ಬರುವ ಮಾತು. ಮಗುವಿನ ವಯಸ್ಸು, ಈ ಕ್ಷಣ ಅದು ಎಲ್ಲಿದೆ, ಯಾರ ಜೊತೆ ಇದೆ, ಹಿಂದೆ ದೂರು ಬಂದಿತ್ತೇ, ಇವಿಷ್ಟರ ಮೇಲೆ ಗಡುವು ನಿಂತಿರುತ್ತದೆ. ಇಂಗ್ಲೆಂಡಿನಲ್ಲಿ ದೂರು ಬಂದು ಒಂದು ಕೆಲಸದ ದಿನದೊಳಗೆ ಮುಂದಿನ ಹೆಜ್ಜೆ ಏನೆಂದು ತೀರ್ಮಾನವಾಗಬೇಕು, ಪೂರ್ಣ ಪರಿಶೀಲನೆ 45 ಕೆಲಸದ ದಿನಗಳೊಳಗೆ ಮುಗಿಯಬೇಕು. ಗಡುವು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಎಲ್ಲೆಡೆ ಇವೇ.

ಎರಡನೆಯದು ಮೊದಲ ಭೇಟಿಯ ನಿರ್ಧಾರ: ಮಗು ಈ ರಾತ್ರಿ ಇಲ್ಲಿ ಮಲಗಬಹುದೇ? ಇದು ಸುರಕ್ಷತೆಯ ಪ್ರಶ್ನೆ. ಮುಂದಿನ ಒಂದೆರಡು ವರ್ಷದಲ್ಲಿ ಈ ಮಗುವಿಗೆ ಹಾನಿಯಾಗುವ ಸಾಧ್ಯತೆ ಎಷ್ಟು ಎಂಬುದು ಮೂರನೆಯ ನಿರ್ಧಾರ, ಅದು ಬೇರೆಯದೇ ಪ್ರಶ್ನೆ. ಮುಂದಕ್ಕೆ ಅಪಾಯ ಹೆಚ್ಚಿರುವ ಮನೆಯಲ್ಲೂ ಮಗು ಈ ಹೊತ್ತಿಗೆ ಸುರಕ್ಷಿತವಾಗಿರಬಹುದು, ಏಕೆಂದರೆ ಹೊಡೆಯುವವನು ಊರಲ್ಲಿಲ್ಲ, ಅಜ್ಜಿ ಬಂದು ಉಳಿದಿದ್ದಾಳೆ. ನಿಮ್ಮ ಪಕ್ಕದ ಮನೆಯಲ್ಲೇ ಕಾರ್ಯಕರ್ತೆ ಮಗುವನ್ನು ಬಿಟ್ಟುಹೋದರು ಎಂದರೆ ‘ಇಲ್ಲಿ ಏನೂ ಇಲ್ಲ’ ಎಂದು ಬರೆದುಕೊಂಡು ಹೋದರು ಎಂದು ಅರ್ಥವಾಗಬೇಕಿಲ್ಲ. ‘ಇವತ್ತಿಗೆ ಸರಿ, ಮುಂದಿನದು ತೆರೆದಿದೆ’ ಎಂದು ಬರೆದಿರುವ ಸಾಧ್ಯತೆಯೂ ಇದೆ. ಗೋಪ್ಯತೆಯ ಕಾರಣಕ್ಕೆ ಅದನ್ನು ಅವರು ನಿಮಗೆ ಹೇಳುವಂತಿಲ್ಲ.

ಆ ಭೇಟಿಯಲ್ಲಿ ಬಿಡಲೇಬಾರದ ಕೆಲಸಗಳಿವೆ. ಮಗುವನ್ನು ಕಣ್ಣಾರೆ ನೋಡಬೇಕು. ಮಲಗಿದೆ, ನೆಂಟರ ಮನೆಗೆ ಹೋಗಿದೆ ಎಂಬ ಉತ್ತರಕ್ಕೆ ಸಮಾಧಾನಪಟ್ಟು ಹಿಂದಿರುಗಬಾರದು. ಮಾತಾಡುವ ವಯಸ್ಸಿನ ಮಗುವಿನೊಂದಿಗೆ ದೊಡ್ಡವರಿಲ್ಲದ ಕಡೆ ಮಾತಾಡಬೇಕು. ಮಗುವಿನ ಭಾಷೆ ಗೊತ್ತಿಲ್ಲವಾದರೆ ದುಭಾಷಿಯನ್ನು ಕರೆತರಬೇಕು, ತಂದೆ ತಾಯಿಯನ್ನೇ ದುಭಾಷಿ ಮಾಡಿಕೊಳ್ಳಬಾರದು. ಅದು ಮಲಗುವ ಜಾಗ, ಮನೆಯಲ್ಲಿರುವ ಊಟದ ಸಾಮಾನು ನೋಡಬೇಕು. ಮನೆಯಲ್ಲಿ ಯಾರ್‍ಯಾರು ಇದ್ದಾರೆ ಎಂದು ಹೆಸರು ಹಿಡಿದು ಕೇಳಬೇಕು. ತಾಯಿಯ ಹೊಸ ಸಂಗಾತಿಯ ಹೆಸರೇ ಫೈಲಿನಲ್ಲಿಲ್ಲದ ಪ್ರಕರಣಗಳು ಈ ಕ್ಷೇತ್ರದ ಹಳೆಯ ಗಾಯ.

ಗಾಯದ ಗುರುತುಗಳ ವಿಷಯದಲ್ಲಿ ಕೆಲವು ಗಟ್ಟಿ ಸಂಗತಿಗಳನ್ನು ಹೇಳಲೇಬೇಕು. ಓಡಾಡುವ ಮಕ್ಕಳಿಗೆ ಮೊಣಕಾಲು, ಮೊಣಕಾಲಿನ ಕೆಳಗಿನ ಮುಂಭಾಗ, ಹಣೆಯಲ್ಲಿ ಕಪ್ಪು ಕಲೆಗಳಾಗುವುದು ಸಹಜ. ನಾಲ್ಕು ವರ್ಷದೊಳಗಿನ ಮಗುವಿನ ಎದೆ, ಹೊಟ್ಟೆ, ಬೆನ್ನು, ಕಿವಿ, ಕುತ್ತಿಗೆಯಲ್ಲಿ ಕಲೆ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ನಾಲ್ಕು ತಿಂಗಳು ಅಥವಾ ಅದಕ್ಕಿಂತ ಚಿಕ್ಕ ಕೂಸಿನ ಮೈಮೇಲೆ ಎಲ್ಲೇ ಆಗಲಿ, ಒಂದೇ ಒಂದು ಕಲೆ ಇದ್ದರೂ ಅದು ಎಚ್ಚರಿಕೆಯ ಗಂಟೆ, ಏಕೆಂದರೆ ಮಗ್ಗುಲಾಗಲು ಬಾರದ ಕೂಸು ತಾನಾಗಿ ಏಟು ಮಾಡಿಕೊಳ್ಳುವುದು ತೀರಾ ಅಪರೂಪ. ಕಲೆಯ ಬಣ್ಣ ನೋಡಿ ‘ಇದು ಎರಡು ದಿನದ್ದು, ಇದು ವಾರದ್ದು’ ಎಂದು ಹೇಳಲು ಬರುವುದಿಲ್ಲ. ಹಾಗೆ ಬರೆದ ವರದಿ ನ್ಯಾಯಾಲಯದಲ್ಲಿ ನಿಲ್ಲುವುದೂ ಇಲ್ಲ. ಹುಟ್ಟಿನಿಂದಲೇ ಬೆನ್ನು, ಪೃಷ್ಠದ ಮೇಲೆ ಇರುವ ನೀಲಿ ಮಚ್ಚೆಗಳನ್ನು ಏಟಿನ ಗುರುತೆಂದು ತಪ್ಪಾಗಿ ಬರೆದುಕೊಳ್ಳುವುದುಂಟು. ಕಂದು ಮೈಬಣ್ಣದ ಕೂಸುಗಳಲ್ಲಿ ಇವು ಬಹಳ ಸಾಮಾನ್ಯ, ಕೆಲವು ದಿನ ಬಿಟ್ಟು ನೋಡಿದರೂ ಬಣ್ಣ ಬದಲಾಗಿರುವುದಿಲ್ಲ. ಇದನ್ನೆಲ್ಲ ತೀರ್ಮಾನಿಸುವವರು ವೈದ್ಯರು. ಯಾವಾಗ ವೈದ್ಯರ ಬಳಿ ಒಯ್ಯಬೇಕು ಎಂದು ತಿಳಿದಿರಬೇಕಾದವರು ಸಮಾಜ ಕಾರ್ಯಕರ್ತರು.

ಮಗುವನ್ನು ಮಾತಾಡಿಸುವಾಗ ‘ಅಪ್ಪ ಹೊಡೆದರಾ?’ ಎಂದು ಕೇಳಬಾರದು. ಪ್ರಶ್ನೆಯಲ್ಲೇ ಉತ್ತರ ಕೂತಿರುತ್ತದೆ, ಮಗು ಹೂಂ ಎನ್ನುತ್ತದೆ, ಮುಂದೆ ಆ ಹೂಂಗೆ ಬೆಲೆ ಇರುವುದಿಲ್ಲ. ‘ಇದು ಹೇಗಾಯಿತು, ನನಗೆ ಹೇಳುತ್ತೀಯಾ?’, ‘ಆಮೇಲೆ ಏನಾಯಿತು?’ ಎಂದು ಕೇಳಿ ಕಾಯಬೇಕು. ‘ಯಾರಿಗೂ ಹೇಳುವುದಿಲ್ಲ’ ಎಂಬ ಭರವಸೆಯನ್ನು ಎಂದೂ ಕೊಡಬಾರದು, ಉಳಿಸಿಕೊಳ್ಳಲಾಗದ ಮಾತದು. ಮಗು ಹೇಳಿದ್ದನ್ನು ಅದರದೇ ಪದಗಳಲ್ಲಿ, ಅದೇ ದಿನ ಬರೆದಿಡಬೇಕು. ಮಗು ಮರುದಿನ ‘ಹಾಗೇನಿಲ್ಲ’ ಎಂದು ಮಾತು ಹಿಂತೆಗೆದುಕೊಂಡರೆ ಮೊದಲು ಹೇಳಿದ್ದು ಸುಳ್ಳು ಎಂದಾಗುವುದಿಲ್ಲ. ನಡುವಿನ ರಾತ್ರಿ ಅದು ಯಾರ ಜೊತೆ ಇತ್ತು ಎಂದು ವಿಚಾರಿಸಬೇಕು.

ಮಗು ಮನೆಯಲ್ಲೇ ಇರಲಿ ಎಂದು ತೀರ್ಮಾನಿಸಿದರೆ ಸುರಕ್ಷತಾ ಯೋಜನೆ ಬೇಕು. ಇಲ್ಲಿ ಆಗುವ ತಪ್ಪು ಎಷ್ಟು ಸಾಮಾನ್ಯವೆಂದರೆ ಅದನ್ನು ಒತ್ತಿ ಹೇಳಬೇಕಾಗಿದೆ. ‘ಇನ್ನು ಮುಂದೆ ಹೊಡೆಯುವುದಿಲ್ಲ ಎಂದು ತಂದೆ ಸಹಿ ಹಾಕಿದ್ದಾರೆ’ ಎಂಬುದು ಯೋಜನೆಯಲ್ಲ, ಆಣೆ. ಯೋಜನೆಯಲ್ಲಿ ಮಗುವಿನ ಪಕ್ಕ ಇರುವವರ ಹೆಸರಿರಬೇಕು, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಎಂದಿರಬೇಕು, ಅದು ನಡೆಯುತ್ತಿದೆಯೇ ಎಂದು ಯಾರು ಯಾವ ದಿನ ಬಂದು ನೋಡುತ್ತಾರೆ ಎಂದಿರಬೇಕು, ಮುರಿದರೆ ಮುಂದೇನು ಎಂದೂ ಇರಬೇಕು. ಕಾವಲಿಗೆ ನಿಂತವರು ಮಗುವಿನ ಮಾತನ್ನು ನಂಬುವವರೇ ಎಂದು ಮೊದಲು ತಿಳಿಯಬೇಕು. ‘ನನ್ನ ಮಗ ಅಂಥವನಲ್ಲ’ ಎನ್ನುವ ಅಜ್ಜಿ ಎಷ್ಟೇ ಪ್ರೀತಿಯವಳಾದರೂ ಈ ಕಾವಲಿಗೆ ಆಗುವುದಿಲ್ಲ. ಇನ್ನೂ ಕ್ರೂರವಾದ ತಪ್ಪೆಂದರೆ, ಹೊಡೆಸಿಕೊಳ್ಳುತ್ತಿರುವ ತಾಯಿಯ ಮೇಲೆಯೇ ಹೊಡೆಯುವವನನ್ನು ಮನೆಯಿಂದ ದೂರವಿಡುವ ಹೊಣೆ ಹೊರಿಸುವುದು, ಆಮೇಲೆ ಅದು ಆಗಲಿಲ್ಲವೆಂದು ಅವಳನ್ನೇ ‘ಮಗುವನ್ನು ಕಾಪಾಡಲು ವಿಫಲಳಾದವಳು’ ಎಂದು ಬರೆಯುವುದು.

ಮುಂದಿನ ಅಪಾಯದ ಅಂದಾಜಿಗೆ ಬಳಸುವ ಸಂಗತಿಗಳು ಗುಟ್ಟೇನಲ್ಲ: ಹಿಂದಿನ ದೂರುಗಳು ಎಷ್ಟು, ಮಗುವಿನ ವಯಸ್ಸು (ಚಿಕ್ಕದಾದಷ್ಟೂ ಅಪಾಯ ಹೆಚ್ಚು), ಮನೆಯಲ್ಲಿ ಗಂಡ ಹೆಂಡಿರ ನಡುವೆ ಹಿಂಸೆ, ಕುಡಿತ ಅಥವಾ ಮಾದಕ ವಸ್ತು, ಚಿಕಿತ್ಸೆಯಿಲ್ಲದ ಮಾನಸಿಕ ಕಾಯಿಲೆ, ಪೋಷಕರು ತಾವೇ ಬಾಲ್ಯದಲ್ಲಿ ಅನುಭವಿಸಿದ ದೌರ್ಜನ್ಯ. ಒಂದೊಂದೇ ಇದ್ದಾಗ ಹೇಳುವುದು ಕಡಿಮೆ, ಗುಂಪುಗೂಡಿದಾಗ ಹೆಚ್ಚು. ಬಡತನವನ್ನು ಮಾತ್ರ ಈ ಪಟ್ಟಿಯಿಂದ ಎಚ್ಚರದಿಂದ ಬೇರ್ಪಡಿಸಬೇಕು. ಅದಕ್ಕೊಂದು ನೇರ ಪರೀಕ್ಷೆ ಇದೆ. ಕೊರತೆಯಿರುವ ವಸ್ತುವನ್ನು ನಾಳೆ ಬೆಳಗ್ಗೆ ಮನೆಗೆ ತಲುಪಿಸಿದರೆ ಅಪಾಯ ನಿಲ್ಲುತ್ತದೆಯೇ? ನಿಲ್ಲುತ್ತದೆ ಎಂದಾದರೆ ಅದು ನಿರ್ಲಕ್ಷ್ಯವಲ್ಲ, ಇಲ್ಲದಿರುವಿಕೆ. ಅದಕ್ಕೆ ಬೇಕಾದದ್ದು ಆ ವಸ್ತು. ಮಗುವನ್ನು ಕಿತ್ತುಕೊಳ್ಳುವುದು ಅನ್ಯಾಯ.

ನಿಜವಾದ ನಿರ್ಲಕ್ಷ್ಯವನ್ನು ಹಿಡಿಯುವುದು ಹೊಡೆತವನ್ನು ಹಿಡಿಯುವುದಕ್ಕಿಂತ ಕಷ್ಟ. ಹೊಡೆತಕ್ಕೆ ಒಂದು ದಿನಾಂಕವಿರುತ್ತದೆ, ನಿರ್ಲಕ್ಷ್ಯ ನೀರು ಇಂಗಿದಂತೆ ಇಂಗುತ್ತದೆ. ಪ್ರತಿ ಭೇಟಿಯಲ್ಲೂ ಕಾಣುವುದು ಸಣ್ಣದೇ: ತಪ್ಪಿದ ಲಸಿಕೆ, ಒಂದು ವಾರ ಶಾಲೆಗೆ ಹೋಗದಿರುವುದು, ಕೊಳೆತ ಹಲ್ಲು, ರಾತ್ರಿ ಒಂಟಿಯಾಗಿ ಬಿಟ್ಟದ್ದು. ಯಾವುದೂ ಒಂದೊಂದಾಗಿ ಗೆರೆ ದಾಟುವುದಿಲ್ಲ. ಕಾರ್ಯಕರ್ತರು ಬದಲಾದಾಗ ಹೊಸಬರು ‘ಇವರಿಗೆ ಇನ್ನೊಂದು ಅವಕಾಶ ಕೊಡೋಣ’ ಎಂದು ಲೆಕ್ಕವನ್ನು ಸೊನ್ನೆಯಿಂದ ಶುರುಮಾಡುತ್ತಾರೆ, ಮಗುವಿನ ಪಾಲಿಗೆ ಅದು ನಾಲ್ಕನೆಯ ವರ್ಷ. ಇದಕ್ಕೆ ಇರುವ ಅತ್ಯಂತ ಅಗ್ಗದ, ಅತ್ಯಂತ ಪರಿಣಾಮಕಾರಿ ಮದ್ದು ಕಾಲಾನುಕ್ರಮದ ಪಟ್ಟಿ. ದಿನಾಂಕ, ಏನಾಯಿತು, ಯಾರು ಹೇಳಿದ್ದು, ಮಗುವಿನ ಮೇಲೆ ಆದ ಪರಿಣಾಮ, ನಾವು ಏನು ಮಾಡಿದೆವು ಎಂಬ ಐದು ಅಂಕಣ ಸಾಕು. ಶಾಲೆ, ಆಸ್ಪತ್ರೆ, ಪೊಲೀಸ್ ಮೂರೂ ಕಡೆಯ ಮಾಹಿತಿ ಒಂದೇ ಪಟ್ಟಿಗೆ ಬರಬೇಕು. ನೂರು ಪುಟದ ಫೈಲಿನಲ್ಲಿ ಕಾಣದ ನಮೂನೆ ಎರಡು ಪುಟದಲ್ಲಿ ಕಣ್ಣಿಗೆ ಹೊಡೆಯುತ್ತದೆ. ಇಷ್ಟಾದರೂ ಒತ್ತಡದಲ್ಲಿರುವ ಕಚೇರಿಗಳಲ್ಲಿ ಮೊದಲು ಕೈಬಿಡುವ ಕೆಲಸ ಇದೇ.

ಪೋಷಕರ ಸಹಕಾರವನ್ನು ಅಳೆಯುವಾಗಲೂ ಹೀಗೇ ಜಾರುತ್ತೇವೆ. ಭೇಟಿಯ ಹಿಂದಿನ ದಿನ ಮನೆ ಒಪ್ಪ ಮಾಡುವುದು, ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು, ಹತ್ತು ತರಗತಿಗಳಲ್ಲಿ ಎಂಟಕ್ಕೆ ಹೋಗಿ ಬರುವುದು ಬದಲಾವಣೆಯಂತೆ ಕಾಣುತ್ತವೆ. ಅಳೆಯಬೇಕಾದದ್ದು ಮಗುವನ್ನು. ತೂಕ ಏರಿದೆಯೇ, ಶಾಲೆಗೆ ದಿನವೂ ಬರುತ್ತಿದೆಯೇ, ಮನೆಗೆ ಹೋಗುವ ಹೊತ್ತಾದಾಗ ಮುಖ ಹೇಗಿರುತ್ತದೆ? ತರಗತಿಯ ಹಾಜರಿ ಪೂರ್ತಿಯಿದ್ದು ಮಗುವಿನ ತೂಕ ನಿಂತಲ್ಲೇ ನಿಂತಿದ್ದರೆ ಏನೂ ಬದಲಾಗಿಲ್ಲ.

ಇಷ್ಟೆಲ್ಲ ವಿವೇಚನೆಗೆ ಬಿಡುವ ಬದಲು ಅಂಕಪಟ್ಟಿ ಮಾಡಿಬಿಡಬಾರದೇ ಎಂದು ಕೇಳಬಹುದು. ಮಾಡಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಮೀಲ್ 1954ರಲ್ಲೇ, ಮುಂದೇನಾಗುತ್ತದೆ ಎಂದು ಊಹಿಸುವಲ್ಲಿ ಸರಳ ಅಂಕಿಅಂಶದ ಸೂತ್ರಗಳು ಪಳಗಿದ ತಜ್ಞರಿಗೆ ಸಾಮಾನ್ಯವಾಗಿ ಕಡಿಮೆಯೇನಲ್ಲ ಎಂದು ತೋರಿಸಿದ್ದರು. ಮಕ್ಕಳ ರಕ್ಷಣೆಯಲ್ಲೂ ಅಂಥ ಪಟ್ಟಿಗಳು ಬಳಕೆಯಲ್ಲಿವೆ. ಅಮೆರಿಕದ ಅಲೆಘೇನಿ ಕೌಂಟಿಯಲ್ಲಿ 2016ರಿಂದ ದೂರು ಬಂದ ಕೂಡಲೇ ಸರ್ಕಾರಿ ದಾಖಲೆಗಳನ್ನು ಜಾಲಾಡಿ 1ರಿಂದ 20ರವರೆಗೆ ಅಂಕ ಕೊಡುವ ಕಂಪ್ಯೂಟರ್ ವ್ಯವಸ್ಥೆಯಿದೆ. ತನಿಖೆ ಮಾಡಬೇಕೇ ಎಂಬ ಹಂತಕ್ಕೆ ಮಾತ್ರ ಅದರ ಬಳಕೆ. ಮಗುವನ್ನು ಕರೆತರುವ ತೀರ್ಮಾನಕ್ಕೆ ಅಲ್ಲ. ಇವುಗಳ ಮಿತಿ ತಿಳಿಯಲು ಒಂದು ಲೆಕ್ಕ ಮಾಡಿ ನೋಡಿ. ಸಾವಿರ ಕುಟುಂಬಗಳಲ್ಲಿ 50ರಲ್ಲಿ ಮುಂದೆ ಗಂಭೀರ ಹಾನಿ ಆಗಲಿದೆ ಎಂದುಕೊಳ್ಳಿ. ಅಂಥ ಮನೆಗಳಲ್ಲಿ ನೂರಕ್ಕೆ 80ನ್ನು ಹಿಡಿಯುವ, ಸರಿಯಾದ ಮನೆಗಳಲ್ಲಿ ನೂರಕ್ಕೆ 10ನ್ನು ಮಾತ್ರ ತಪ್ಪಾಗಿ ಹಿಡಿಯುವ ಒಳ್ಳೆಯ ಸಾಧನವೊಂದು ನಿಮ್ಮಲ್ಲಿದೆ ಎಂದುಕೊಳ್ಳಿ. ಅದು 50ರಲ್ಲಿ 40ನ್ನು ಹಿಡಿಯುತ್ತದೆ. ಉಳಿದ 950ರಲ್ಲಿ 95 ಮನೆಗಳ ಮೇಲೂ ಕೆಂಪು ಗುರುತು ಹಾಕುತ್ತದೆ. ಅಂದರೆ ಗುರುತು ಬಿದ್ದ 135ರಲ್ಲಿ ಮೂರರಲ್ಲಿ ಎರಡಕ್ಕೂ ಹೆಚ್ಚು ಮನೆಗಳು ಸುಳ್ಳು ಎಚ್ಚರಿಕೆ, ತಪ್ಪಿಸಿಕೊಂಡ 10 ಮಕ್ಕಳು ಬೇರೆ. ಗೆರೆಯನ್ನು ಮೇಲೆ ಸರಿಸಿದರೆ ತಪ್ಪಿಸಿಕೊಳ್ಳುವ ಮಕ್ಕಳು ಹೆಚ್ಚುತ್ತಾರೆ, ಕೆಳಗೆ ಸರಿಸಿದರೆ ವಿನಾಕಾರಣ ಒಡೆಯುವ ಮನೆಗಳು ಹೆಚ್ಚುತ್ತವೆ. ಎರಡೂ ತಪ್ಪನ್ನು ಒಟ್ಟಿಗೆ ಇಳಿಸಲು ಗೆರೆ ಸರಿಸಿ ಪ್ರಯೋಜನವಿಲ್ಲ, ಮಾಹಿತಿ ಉತ್ತಮವಾಗಬೇಕು. ಇನ್ನೊಂದು ಮಾತು: ಸರ್ಕಾರಿ ನೆರವು ಪಡೆಯುವವರ ಬದುಕು ಸರ್ಕಾರಿ ದಾಖಲೆಯಲ್ಲಿ ತುಂಬಿರುತ್ತದೆ, ಖಾಸಗಿ ವೈದ್ಯರ ಬಳಿ ಹೋಗುವವರದು ಇರುವುದಿಲ್ಲ. ಹಾಗಾಗಿ ಅಂಥ ಸಾಧನದ ಕಣ್ಣಿಗೆ ಬಡವರೇ ಹೆಚ್ಚು ಬೀಳುತ್ತಾರೆ.

ನಿಮ್ಮ ಎರಡನೆಯ ಉದಾಹರಣೆಗೆ, ಒಂದೇ ದಿನದಲ್ಲಿ ಮಕ್ಕಳನ್ನು ಕರೆದೊಯ್ದದ್ದಕ್ಕೆ, ಬರುತ್ತೇನೆ. ತಕ್ಷಣದ ಅಪಾಯ ಕಂಡು ಮನೆಯೊಳಗೆ ಕಾಪಾಡುವವರು ಯಾರೂ ಇಲ್ಲದಾಗ ಆಗುವುದು ಇದು. ಇದು ಕೊನೆಯ ತೀರ್ಮಾನವಲ್ಲ. ಇಂಗ್ಲೆಂಡಿನಲ್ಲಿ ಪೊಲೀಸರು ಹೀಗೆ ಮಗುವನ್ನು ಇರಿಸಿಕೊಳ್ಳಬಹುದಾದ ಗರಿಷ್ಠ ಅವಧಿ 72 ಗಂಟೆ. ನ್ಯಾಯಾಲಯದ ತುರ್ತು ಆದೇಶಕ್ಕೆ 8 ದಿನ, ಒಂದು ಸಲ 7 ದಿನ ವಿಸ್ತರಣೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿಯೂ, ಮಗುವನ್ನು ಪೋಷಕರಿಂದ ಬೇರ್ಪಡಿಸುವ ತೀರ್ಮಾನ ನ್ಯಾಯಾಂಗದ ಪರಿಶೀಲನೆಗೆ ಒಳಪಡಬೇಕು ಎನ್ನುತ್ತದೆ. ಮಗುವಿನ ರಕ್ಷಣೆಯ ನ್ಯಾಯಾಲಯ ಅನೇಕ ದೇಶಗಳಲ್ಲಿ ‘ಹೀಗಾಗಿರುವ ಸಾಧ್ಯತೆಯೇ ಹೆಚ್ಚು’ ಎಂಬಷ್ಟು ಪುರಾವೆಗೆ ತೃಪ್ತವಾಗುತ್ತದೆ, ಅಪರಾಧದ ವಿಚಾರಣೆಗೆ ಸಂಶಯಕ್ಕೆ ಎಡೆಯಿಲ್ಲದಷ್ಟು ಪುರಾವೆ ಬೇಕು. ಪೋಷಕರಿಗೆ ಶಿಕ್ಷೆಯಾಗದೆಯೇ ಮಗು ಹೊರಗೆ ಉಳಿಯುವುದು ಹೀಗೆ.

ಮಗುವನ್ನು ಕರೆತಂದರೆ ಕಾಪಾಡಿದಂತೆಯೇ ಎಂದು ತಿಳಿಯಬೇಡಿ. ತೂಗಬೇಕಾದದ್ದು ‘ಈ ಮನೆ ಚೆನ್ನಾಗಿದೆಯೇ’ ಎಂದಲ್ಲ. ‘ನೆರವು ಪಡೆದ ಈ ಮನೆ’ ಒಂದು ತಟ್ಟೆಯಲ್ಲಿ, ‘ಇವತ್ತು ನಿಜವಾಗಿ ಸಿಗುವ ಇನ್ನೊಂದು ಜಾಗ’ ಇನ್ನೊಂದು ತಟ್ಟೆಯಲ್ಲಿ. ಅರ್ಥಶಾಸ್ತ್ರಜ್ಞ ಜೋಸೆಫ್ ಡಾಯ್ಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ನಿಮ್ಮ ಪ್ರಶ್ನೆಯ ನಟ್ಟನಡುವೆ ನಿಲ್ಲುತ್ತದೆ. ಅಮೆರಿಕದ ಇಲಿನಾಯ್‌ ರಾಜ್ಯದಲ್ಲಿ ಪ್ರಕರಣಗಳು ಸರದಿಯಂತೆ ತನಿಖಾಧಿಕಾರಿಗಳಿಗೆ ಹೋಗುತ್ತಿದ್ದವು. ಕೆಲವರು ಮಕ್ಕಳನ್ನು ಬೇಗ ಹೊರತರುವವರು, ಕೆಲವರು ತಡೆದು ನೋಡುವವರು. ಯಾವ ಅಧಿಕಾರಿ ಬಂದರು ಎಂಬುದರ ಮೇಲೆಯೇ ಭವಿಷ್ಯ ನಿಂತಿದ್ದ, ಗೆರೆಯ ಹತ್ತಿರದ ಮಕ್ಕಳಲ್ಲಿ, ಮನೆಯಲ್ಲೇ ಉಳಿದವರು ಮುಂದೆ ಹೆಚ್ಚು ಚೆನ್ನಾಗಿ ಬದುಕಿದರು. ಸ್ಪಷ್ಟವಾಗಿ ಅಪಾಯದಲ್ಲಿದ್ದ ಮಕ್ಕಳಿಗೆ ಈ ಮಾತು ಅನ್ವಯಿಸುವುದಿಲ್ಲ, ಅವರನ್ನು ಎಲ್ಲ ಅಧಿಕಾರಿಗಳೂ ಹೊರತರುತ್ತಿದ್ದರು. ಎಲ್ಲಿಗೆ ಕರೆತರುತ್ತೇವೆ ಎಂಬುದೂ ಅಷ್ಟೇ ತೂಕದ್ದು. ರೊಮೇನಿಯಾದ ರಾಜಧಾನಿ ಬುಕಾರೆಸ್ಟ್‌ನಲ್ಲಿ ಅನಾಥಾಲಯದ 136 ಎಳೆಯ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಪೋಷಕ ಕುಟುಂಬಕ್ಕೆ ಹೋದವರ ಬೆಳವಣಿಗೆ ಸಂಸ್ಥೆಯಲ್ಲೇ ಉಳಿದವರಿಗಿಂತ ಉತ್ತಮವಾಗಿತ್ತು, ಎರಡು ವರ್ಷದೊಳಗೆ ಹೋದವರದು ಇನ್ನೂ ಉತ್ತಮ. ಅದಕ್ಕಾಗಿಯೇ ಮೊದಲು ಹತ್ತಿರದ ನೆಂಟರನ್ನು ಹುಡುಕುವುದು, ಒಡಹುಟ್ಟಿದವರನ್ನು ಬೇರ್ಪಡಿಸದಿರುವುದು.

ತಪ್ಪುಗಳಲ್ಲಿ ಅತಿ ದುಬಾರಿಯಾದದ್ದು ಒಮ್ಮೆ ಕಟ್ಟಿಕೊಂಡ ಅಭಿಪ್ರಾಯವನ್ನು ಬಿಡದಿರುವುದು. ಮಕ್ಕಳ ರಕ್ಷಣೆಯ ಸಂಶೋಧಕಿ ಐಲೀನ್ ಮನ್ರೋ ಬ್ರಿಟನ್ನಿನಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ಪ್ರಕರಣಗಳ ಬಗ್ಗೆ 1973ರಿಂದ 1994ರವರೆಗೆ ಪ್ರಕಟವಾದ 45 ವಿಚಾರಣಾ ವರದಿಗಳನ್ನು ಓದಿ ಕಂಡುಕೊಂಡದ್ದು ಇದನ್ನೇ: ಹೊಸ ಸಾಕ್ಷ್ಯ ಎದುರಿಗಿದ್ದರೂ ವೃತ್ತಿಪರರು ಮೊದಲ ತೀರ್ಮಾನ ಬದಲಿಸಲು ಬಹಳ ತಡಮಾಡಿದ್ದರು. 2000ದಲ್ಲಿ ಲಂಡನ್ನಿನಲ್ಲಿ ಮನೆಯವರ ಹಿಂಸೆಯಿಂದ ಸತ್ತ ಎಂಟು ವರ್ಷದ ವಿಕ್ಟೋರಿಯಾ ಕ್ಲಿಂಬಿಯ ಮೈಮೇಲಿನ ಗುರುತುಗಳನ್ನು ಆಸ್ಪತ್ರೆಯೊಂದರಲ್ಲಿ ಒಬ್ಬ ವೈದ್ಯರು ಅನುಮಾನಿಸಿದ್ದರು. ಹಿರಿಯ ವೈದ್ಯರು ಕಜ್ಜಿ ಎಂದರು, ಆ ಒಂದು ಪದದ ಮೇಲೆ ಮುಂದಿನವರ ಎಚ್ಚರ ಮಲಗಿತು. ಮರಣೋತ್ತರ ಪರೀಕ್ಷೆಯಲ್ಲಿ 128 ಗಾಯದ ಗುರುತುಗಳು ಸಿಕ್ಕವು.

ಇದನ್ನು ತಡೆಯಲು ಕಚೇರಿಗಳು ಮಾಡಬಹುದಾದದ್ದು ಬಹಳವಿದೆ, ಹೆಚ್ಚಿನದಕ್ಕೆ ಹಣ ಬೇಕಿಲ್ಲ. ಪ್ರತಿ ಭೇಟಿಗೆ ಮೊದಲು ‘ಏನು ಕಂಡರೆ ನನ್ನ ಅಭಿಪ್ರಾಯ ಬದಲಾಗಬೇಕು’ ಎಂದು ಒಂದು ಸಾಲು ಬರೆದಿಟ್ಟು ಹೋಗಬೇಕು. ಮೇಲ್ವಿಚಾರಕರು ತಿಂಗಳಿಗೊಮ್ಮೆ ಫೈಲನ್ನು ವಿರುದ್ಧ ದಿಕ್ಕಿನಿಂದ ವಾದಿಸಿ ನೋಡಬೇಕು. ಸಭೆಯಲ್ಲಿ ಮಾತು ಶುರುವಾಗುವ ಮೊದಲೇ ಪ್ರತಿಯೊಬ್ಬರೂ ತಮ್ಮ ಅಂಕವನ್ನು ಚೀಟಿಯಲ್ಲಿ ಬರೆಯಬೇಕು, ಕಿರಿಯರು ಮೊದಲು ಮಾತಾಡಬೇಕು. ಹಿರಿಯರು ಮೊದಲು ಮಾತಾಡಿದರೆ, ಮಗುವನ್ನು ದಿನವೂ ನೋಡುವ ಶಾಲೆಯ ಶಿಕ್ಷಕಿ ಹೇಳಬೇಕೆಂದಿದ್ದನ್ನು ನುಂಗಿಕೊಳ್ಳುತ್ತಾರೆ.

ಇನ್ನು ನಿಮ್ಮ ಕೆಲಸ. ಕಂಡದ್ದನ್ನು ದಿನಾಂಕ, ಹೊತ್ತು ಹಾಕಿ ಬರೆದಿಡಿ. ಹೊಸದೇನಾದರೂ ಕಂಡರೆ, ಕೇಳಿದರೆ ಮತ್ತೆ ಫೋನ್ ಮಾಡಿ. ಮೊದಲು ದೂರು ಕೊಟ್ಟ ದಿನವನ್ನೂ, ಕೊಟ್ಟಿದ್ದರೆ ದೂರಿನ ಸಂಖ್ಯೆಯನ್ನೂ ಹೇಳಿ. ಇಲ್ಲವಾದರೆ ನಿಮ್ಮ ಎರಡನೆಯ ಕರೆ ಯಾರದೋ ಮೊದಲ ಕರೆಯಾಗಿ ಬೇರೆ ಕಡತ ಸೇರಬಹುದು. ಹುಡುಗನನ್ನು ನೀವೇ ಕೂರಿಸಿಕೊಂಡು ವಿಚಾರಿಸಬೇಡಿ, ಅವನಾಗಿ ಹೇಳಿದರೆ ಕೇಳಿಸಿಕೊಂಡು ಅವನ ಮಾತಿನಲ್ಲೇ ಬರೆದುಕೊಳ್ಳಿ. ಮನೆಯೊಳಗಿಂದ ಈಗಲೇ ಹೊಡೆತದ ಸದ್ದು ಕೇಳುತ್ತಿದ್ದರೆ ಸಮಾಜ ಕಾರ್ಯಕರ್ತೆಗೆ ಕಾಯದೆ ಪೊಲೀಸರಿಗೆ ಕರೆ ಮಾಡಿ.